ಇಂಗ್ಲೆಂಡಿನಲ್ಲಿ ಡಿವೋರ್ಸ್‌ಗೆ ಲೀಗಲ್ ಏಡ್ ತಗೊಂಡಿದ್ದೆ, ಈಗ ಮನೆ ಮೇಲೆ ಅದರ ಚಾರ್ಜ್ (ಸಾಲದ ಬಾಕಿ) ಇದೆ ಅಂತಾರೆ. ಈಗಲೇ ತೀರಿಸಬೇಕಾ, ಮನೆ ಮಾರುವಾಗ ಕೊಟ್ಟರೆ ಸಾಕಾ?

ಈ ತಿಂಗಳಿಂದಲೇ ಕಟ್ಟಲು ಶುರು ಮಾಡಿ. ಪೂರ್ತಿ ತೀರಿಸಲು ಆಗದಿದ್ದರೆ ಬಡ್ಡಿಯಷ್ಟನ್ನಾದರೂ ಕಟ್ಟಿ. ನಾನು ನಾಲ್ಕು ವರ್ಷ ಸುಮ್ನೆ ಕೂತು ಕೆಟ್ಟವಳು, ಅದಕ್ಕೇ ಉತ್ತರವನ್ನು ಮೊದಲೇ ಹೇಳಿಬಿಟ್ಟೆ. ಇನ್ನು ನಿಧಾನವಾಗಿ ವಿವರ.

ಆರು ವರ್ಷದ ಹಿಂದೆ ಡಿವೋರ್ಸ್ ಆಗಿ ಮನೆ ನಿಮ್ಮ ಹೆಸರಿಗೆ ಬಂತು, ಈಗ ಮಗಳ ಶಾಲೆಯ ಹತ್ತಿರ ಮನೆ ಬದಲಿಸಲು ಹೊರಟಾಗ ಲ್ಯಾಂಡ್ ರಿಜಿಸ್ಟ್ರಿಯ ಪ್ರತಿಯಲ್ಲಿ ಲೀಗಲ್ ಏಡ್ ಏಜೆನ್ಸಿಯ ಹೆಸರು ಕಂಡಿತು ಅಂತ ಬರೆದಿದ್ದೀರಿ. ಲೀಗಲ್ ಏಡ್ ಅಂದ್ರೆ ಉಚಿತ ಅಲ್ವಾ ಅಂತಲೂ ಕೇಳಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ನಾವು ಬಂದ ಕಡೆ ಅದು ಉಚಿತವೇ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಸರ್ಕಾರದ ವಕೀಲರು ಸಿಗುತ್ತಾರೆ, ಆಮೇಲೆ ಯಾರೂ ಬಿಲ್ ಹಿಡಿದು ಬರುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಾಗಲ್ಲ. ಕೇಸಿನಿಂದ ನಿಮಗೆ ಆಸ್ತಿಯೋ ಹಣವೋ ಬಂದರೆ, ವಕೀಲರಿಗೆ ಸರ್ಕಾರ ಕೊಟ್ಟಿದ್ದನ್ನು ಆ ಆಸ್ತಿಯಿಂದ ವಾಪಸ್ ಕೇಳುತ್ತದೆ. ಸ್ಟ್ಯಾಚುಟರಿ ಚಾರ್ಜ್ ಅನ್ನುವುದು ಇದನ್ನೇ. ಲೀಗಲ್ ಏಡ್ ಬಗ್ಗೆ ಇಲ್ಲಿರುವ 2012ರ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಇದೆ, ಅದಕ್ಕೂ ಮುಂಚಿನ ಕಾಯ್ದೆಗಳಲ್ಲೂ ಇತ್ತು.

ನನ್ನ ಅಪ್ಪ ಧಾರವಾಡ ಕಡೆ ತಲಾಟಿಯಾಗಿ ರಿಟೈರ್ ಆದವರು. ಫೋನಿನಲ್ಲಿ ಅರ್ಧ ಗಂಟೆ ವಿವರಿಸಿದೆ. ಎಲ್ಲಾ ಕೇಳಿ, "ಅಂದ್ರ ಉತಾರದಾಗ ಬೋಜಾ ಏರಿಸ್ಯಾರ ಅನ್ನು, ಅಷ್ಟ" ಅಂದರು. ಅಷ್ಟೇ. ಪಹಣಿಯಲ್ಲಿ ಸೊಸೈಟಿ ಸಾಲ ಕೂರಿಸಿದ ಹಾಗೆ ಇಲ್ಲಿ ಮನೆಯ ಟೈಟಲ್ ಮೇಲೆ ಲೀಗಲ್ ಏಡ್ ಏಜೆನ್ಸಿಯ ಸಾಲ ಕೂತಿದೆ. ವಕೀಲಿಕೆ ಮಾಡುವ ಚಿಕ್ಕಪ್ಪ ಇನ್ನೊಂದು ಮಾತು ಸೇರಿಸಿದರು. ನಮ್ಮಲ್ಲೂ ಕೋರ್ಟ್ ಫೀಸ್ ಕಟ್ಟಲಾಗದವರು ಹಾಕುವ ಪಾಪರ್ ಸೂಟ್ ಇದೆಯಲ್ಲ, ಅದರಲ್ಲಿ ಗೆದ್ದರೆ ಬಿಟ್ಟುಕೊಟ್ಟಿದ್ದ ಫೀಸು ಗೆದ್ದ ಆಸ್ತಿಯ ಮೇಲೆ ಮೊದಲ ಬಾಕಿಯಾಗಿ ಕೂರುತ್ತದಂತೆ. ಹಾಗಾಗಿ ಈ ಯೋಚನೆ ನಮಗೆ ತೀರಾ ಹೊಸದೇನಲ್ಲ. ವಕೀಲರ ಫೀಸಿಗೂ ಇದನ್ನು ಹಚ್ಚಿದ್ದು ಮಾತ್ರ ಇಲ್ಲಿಯವರು.

"ಮನೆಯಲ್ಲಿ ಅರ್ಧ ಮೊದಲೇ ನನ್ನದಾಗಿತ್ತು, ಅದಕ್ಕೂ ಯಾಕೆ?" ಅನ್ನುವ ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಕಾನೂನು ನೋಡುವುದು ಆ ಪಾಲಿನ ಮೇಲೆ ಜಗಳ ಇತ್ತೋ ಇಲ್ಲವೋ ಅಂತ. ಹೊಸದಾಗಿ ಸಿಕ್ಕಿದ್ದು ಒಂದು, ಕೈತಪ್ಪದಂತೆ ಉಳಿಸಿಕೊಂಡದ್ದು ಇನ್ನೊಂದು. ಎರಡೂ ಲೆಕ್ಕಕ್ಕೆ ಬರುತ್ತವೆ. 1980ರಲ್ಲಿ ಆಗ ಇಲ್ಲಿನ ಅತಿ ದೊಡ್ಡ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟ ಹ್ಯಾನ್ಲನ್ ಕೇಸ್‌ನಲ್ಲಿ ಇದು ಇತ್ಯರ್ಥವಾಯಿತು. ಹೆಂಡತಿ ನರ್ಸ್, ಗಂಡ ಪೊಲೀಸ್. ಮನೆ ಪೂರ್ತಿ ಹೆಂಡತಿಗೆ ಬಂತು. ಇಡೀ ಮನೆ ಜಗಳದಲ್ಲಿ ಇದ್ದದ್ದರಿಂದ ಚಾರ್ಜ್ ಇಡೀ ಮನೆ ಮೇಲೆ ಕೂತಿತು. ಅದೇ ತೀರ್ಪಿನಿಂದ ನಮಗೆ ಒಂದು ಒಳ್ಳೆಯದೂ ಆಯಿತು. ವಸೂಲಿಯನ್ನು ಮುಂದೂಡಬಹುದು, ಮನೆ ಬದಲಿಸಿದರೆ ಚಾರ್ಜನ್ನು ಹೊಸ ಮನೆಗೆ ಸಾಗಿಸಬಹುದು ಅಂತಲೂ ಅದು ಒಪ್ಪಿತು. ಇದನ್ನು ನೆನಪಿಡಿ, ಕೆಳಗೆ ಬೇಕಾಗುತ್ತದೆ.

ಈಗ ನನ್ನ ಕಥೆ. 2013ರ ಏಪ್ರಿಲ್‌ನಿಂದ ಇಲ್ಲಿ ಡಿವೋರ್ಸ್ ಆಸ್ತಿ ಜಗಳಗಳಿಗೆ ಲೀಗಲ್ ಏಡ್ ಹೆಚ್ಚುಕಡಿಮೆ ನಿಂತೇ ಹೋಗಿದೆ. ಮನೆಯಲ್ಲಿ ಹಿಂಸೆ ಇತ್ತು ಅನ್ನುವುದಕ್ಕೆ ದಾಖಲೆ ಇದ್ದವರಿಗೆ ಸಿಗುತ್ತದೆ. ನನ್ನ ಹತ್ತಿರ ಡಾಕ್ಟರ್ ಪತ್ರ ಇತ್ತು. ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲಾರೆ. ನನ್ನ ಸಾಲಿಸಿಟರ್ (ವಕೀಲರು) ಮೊದಲ ದಿನವೇ ಒಂದು ಹಾಳೆ ಮುಂದಿಟ್ಟು ಚಾರ್ಜ್ ಬಗ್ಗೆ ಹೇಳಿದ್ದರು, ನಾನು ಸಹಿ ಹಾಕಿದ್ದೆ. ಸುಳ್ಳು ಹೇಳಲಾರೆ, ಹೇಳಿದ್ದರು. ಆ ದಿನ ನನ್ನ ಕಿವಿಗೆ ಏನೂ ಬಿದ್ದಿರಲಿಲ್ಲ, ಅಷ್ಟೇ. ಒಂದೂವರೆ ವರ್ಷ ಕೇಸ್ ನಡೆಯಿತು, ಮನೆ ಉಳಿಯಿತು. 2015ರ ಕೊನೆಗೆ ಏಜೆನ್ಸಿಯಿಂದ ಪತ್ರ ಬಂತು. 11,400 ಪೌಂಡ್. ನೀವು ಈಗ ಕಟ್ಟುವ ಸ್ಥಿತಿಯಲ್ಲಿಲ್ಲ, ಅದು ನಿಮ್ಮ ವಾಸದ ಮನೆ, ಹಾಗಾಗಿ ವಸೂಲಿ ಮುಂದೂಡಿ ಚಾರ್ಜ್ ನೋಂದಾಯಿಸುತ್ತೇವೆ ಅಂತ ಇತ್ತು. ಓದಿ ನಿಟ್ಟುಸಿರು ಬಿಟ್ಟೆ. ಪತ್ರವನ್ನು ಮಗನ ಲಸಿಕೆ ಕಾರ್ಡ್ ಇಟ್ಟಿದ್ದ ಫೈಲಿಗೆ ಹಾಕಿದೆ. ನಾಲ್ಕು ವರ್ಷ ತೆಗೆಯಲಿಲ್ಲ.

ಬ್ಯಾಂಕಿನವರಾದರೆ ಒಂದು ಕಂತು ತಪ್ಪಿದರೆ ಫೋನ್ ಮೇಲೆ ಫೋನ್. ಇವರು ತಿಂಗಳ ಕಂತು ಕೇಳುವುದೇ ಇಲ್ಲ. ಸಾಲ ಇದೆ ಅನ್ನುವುದೇ ಮರೆತುಹೋಗುತ್ತದೆ, ಬಡ್ಡಿ ಮಾತ್ರ ತನ್ನ ಪಾಡಿಗೆ ಏರುತ್ತಿರುತ್ತದೆ. ಚಾರ್ಜ್ ನೋಂದಣಿ ಆದ ದಿನದಿಂದ ವರ್ಷಕ್ಕೆ ಶೇಕಡಾ 8. ಚಕ್ರಬಡ್ಡಿ ಅಲ್ಲ, ಸರಳ ಬಡ್ಡಿ. ಸಾವಿರ ಪೌಂಡಿಗೆ ವರ್ಷಕ್ಕೆ 80. ನಿಮ್ಮ ಮೊತ್ತ ಎಷ್ಟು ಅಂತ ಬರೆದಿಲ್ಲ, ಆದರೆ ಆರು ವರ್ಷ ಏನೂ ಕಟ್ಟದಿದ್ದರೆ ಪ್ರತಿ ಸಾವಿರಕ್ಕೆ 480 ಸೇರಿರುತ್ತದೆ. ಹನ್ನೆರಡೂವರೆ ವರ್ಷಕ್ಕೆ ಸಾಲ ಎರಡರಷ್ಟು.

ನನ್ನ 11,400ಕ್ಕೆ ವರ್ಷಕ್ಕೆ 912 ಬಡ್ಡಿ. ತಿಂಗಳಿಗೆ 76 ಪೌಂಡ್. 2019ರಲ್ಲಿ ಒಳ್ಳೆಯ ಕೆಲಸ ಸಿಕ್ಕಿ ಕೈಗೆ ಸ್ವಲ್ಪ ದುಡ್ಡು ಬಂದಾಗ ಫೈಲ್ ತೆಗೆದೆ. ಅಷ್ಟರಲ್ಲಿ 3,648 ಪೌಂಡ್ ಬಡ್ಡಿ ಕೂತಿತ್ತು. ತಿಂಗಳಿಗೆ 150ರಂತೆ ಕಟ್ಟಲು ಶುರು ಮಾಡಿದೆ. ದೊಡ್ಡ ಸಾಧನೆ ಮಾಡಿದ ಹಾಗೆ ಅನಿಸುತ್ತಿತ್ತು. ಆದರೆ ನಿಯಮದಲ್ಲಿ ಒಂದು ಸಾಲು ಇದೆ. ಬಡ್ಡಿ ಬಾಕಿ ಇರುವವರೆಗೆ ನೀವು ಕಟ್ಟಿದ ಒಂದು ಪೌಂಡೂ ಅಸಲಿಗೆ ಹೋಗುವುದಿಲ್ಲ. ನನ್ನ 150ರಲ್ಲಿ 76 ಆ ತಿಂಗಳ ಬಡ್ಡಿಗೆ ಹೋಯಿತು, ಉಳಿದ 74 ಹಳೇ ಬಡ್ಡಿಗೆ. ಹಳೇ ಬಡ್ಡಿ ತೀರಲು ನಲವತ್ತೊಂಬತ್ತು ತಿಂಗಳು ಪೂರ್ತಿ ಕಳೆದು ಐವತ್ತನೆಯದು ಬಂತು. ಆ ಐವತ್ತನೇ ಕಂತಿನಲ್ಲಿ ಅಸಲಿನಿಂದ ಮೊದಲ ಸಲ 52 ಪೌಂಡ್ ಇಳಿಯಿತು. ಅಂದರೆ 7,500 ಪೌಂಡ್ ಕಟ್ಟಿದ ಮೇಲೆ ನನ್ನ ಸಾಲ 11,348. ಸ್ಟೇಟ್‌ಮೆಂಟ್ ನೋಡಿ ಅಡುಗೆಮನೆಯಲ್ಲಿ ನಿಂತು ನಕ್ಕುಬಿಟ್ಟೆ. ಅಳು ಬರಲಿಲ್ಲ, ನಗುವೇ ಬಂತು.

ಅದೇ 150ನ್ನು ಮೊದಲ ತಿಂಗಳಿಂದ ಕಟ್ಟಿದ್ದರೆ ಪೂರ್ತಿ ಸಾಲ ಒಂಬತ್ತು ವರ್ಷದ ಒಳಗೆ ಮುಗಿಯುತ್ತಿತ್ತು. ನಾನು ಹಿಡಿದ ದಾರಿಯಲ್ಲಿ ಸುಮಾರು ಹದಿನೇಳು ವರ್ಷ ಬೇಕಾಗುತ್ತಿತ್ತು. ಆಗ 150 ಎಲ್ಲಿತ್ತು ನನ್ನ ಹತ್ತಿರ ಅಂತ ಕೇಳಬಹುದು. ನಿಜ, ಇರಲಿಲ್ಲ. ಆದರೆ 76 ಇತ್ತು. ಹುಡುಕಿದ್ದರೆ ಇತ್ತು. ಬರೀ ಬಡ್ಡಿ ಕಟ್ಟಿಕೊಂಡು ಬಂದಿದ್ದರೆ ಆಮೇಲೆ ಹೆಚ್ಚಿಗೆ ಕಟ್ಟಿದ್ದೆಲ್ಲಾ ನೇರ ಅಸಲಿಗೆ ಬೀಳುತ್ತಿತ್ತು.

ಕೊನೆಗೆ 2024ರಲ್ಲಿ ನನ್ನ ಮಾರ್ಗೇಜ್, ಅಂದರೆ ಬ್ಯಾಂಕಿನ ಮನೆ ಸಾಲದ ಅವಧಿ ಮುಗಿದಾಗ ಹೊಸ ಮಾರ್ಗೇಜಿಗೆ ಇದನ್ನೂ ಸೇರಿಸಿ ಒಂದೇ ಏಟಿಗೆ ತೀರಿಸಿದೆ. ಮಾರ್ಗೇಜ್ ದರ ಐದರ ಆಸುಪಾಸು, ಇದು ಎಂಟು. ಬೇರೆ ಲೆಕ್ಕವೇ ಬೇಡ. ಬ್ಯಾಂಕ್ ಹೆಚ್ಚಿನ ಸಾಲ ಕೊಡುವುದಾದರೆ ನಿಮಗೂ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕ್ರೆಡಿಟ್ ಕಾರ್ಡ್ ಬಾಕಿ ಏನಾದರೂ ಇದ್ದರೆ ಮಾತ್ರ ಅದನ್ನು ಮೊದಲು ಮುಗಿಸಿ. ಅದರ ಬಡ್ಡಿಯ ಮುಂದೆ ಈ ಎಂಟು ಏನೇನೂ ಅಲ್ಲ.

ನಿಮ್ಮದು ಮನೆ ಬದಲಿಸುವ ವಿಷಯ. ಮಾರಿದರೆ ಚಾರ್ಜ್ ಅಲ್ಲೇ ತೀರಬೇಕು, ಅಸಲು ಬಡ್ಡಿ ಎರಡೂ. ನಮ್ಮ ಊರಿನಲ್ಲಿ ಇ.ಸಿ. ತೆಗೆಸಿದಾಗ ಹಳೇ ಸಾಲ ಕಂಡರೆ ಕೊಳ್ಳುವವರು ಹಿಂದೆ ಸರಿಯುತ್ತಾರಲ್ಲ, ಇಲ್ಲೂ ಹಾಗೇ, ಚಾರ್ಜ್ ತೆಗೆಸದೆ ಟೈಟಲ್ ಕೈಬದಲಾಗುವುದಿಲ್ಲ. ಮಾರಿದ ದುಡ್ಡಲ್ಲಿ ಅದನ್ನು ತೀರಿಸಿಯೂ ಹೊಸ ಮನೆ ಕೊಳ್ಳುವುದು ಸಾಧ್ಯವಿದ್ದರೆ ತೀರಿಸಿಬಿಡಿ. ಹಳೇ ಗಂಡನ ಕಾಲದ ಸಾಲವನ್ನು ಹೊಸ ಮನೆ ಹೊಸ್ತಿಲು ದಾಟಿಸಬೇಡಿ. ಸಾಧ್ಯವಿಲ್ಲದಿದ್ದರೆ ಚಾರ್ಜನ್ನು ಹೊಸ ಮನೆಗೆ ಸಾಗಿಸಲು ಏಜೆನ್ಸಿಯನ್ನು ಕೇಳಿ. ಸೆಕ್ಯೂರ್ಡ್ ಚಾರ್ಜಸ್ ಟೀಮ್ ಅಂತ ಇದಕ್ಕೇ ಒಂದು ವಿಭಾಗ ಇದೆ. ಹೊಸ ಮನೆ ನಿಮ್ಮ ವಾಸಕ್ಕೇ ಇರಬೇಕು, ಅದರ ಬೆಲೆಯಲ್ಲಿ ಬ್ಯಾಂಕ್ ಸಾಲ ಕಳೆದು ಇವರ ಬಾಕಿಗೆ ಸಾಕಾಗುವಷ್ಟು ಉಳಿಯಬೇಕು. ಕೇಳುವುದನ್ನು ಮನೆ ನೋಡಲು ಶುರು ಮಾಡಿದಾಗಲೇ ಕೇಳಿ. ಕಾಂಟ್ರಾಕ್ಟ್ ಎಕ್ಸ್‌ಚೇಂಜ್ (ಕರಾರು ಪಕ್ಕಾ ಆಗುವ ದಿನ) ಹತ್ತಿರ ಬಂದ ಮೇಲೆ ಪತ್ರ ಬರೆದರೆ ನಿಮ್ಮ ಅವಸರ ಅವರಿಗೆ ತಿಳಿಯುವುದಿಲ್ಲ. ಸಾಗಿಸಿದರೂ ಬಡ್ಡಿ ನಿಲ್ಲುವುದಿಲ್ಲ, ಅದು ಗೊತ್ತಿರಲಿ.

ಮನೆ ಮಾರದೆ ಬರೀ ಮಾರ್ಗೇಜ್ ಬದಲಿಸುವವರಿಗೂ ಒಂದು ತೊಡಕಿದೆ. ಹೊಸ ಬ್ಯಾಂಕ್ ತಾನೇ ಮೊದಲ ಸಾಲಿನಲ್ಲಿ ಇರಬೇಕು ಅನ್ನುತ್ತದೆ. ಆಗ ಏಜೆನ್ಸಿ ತನ್ನ ಚಾರ್ಜನ್ನು ಹಿಂದಕ್ಕೆ ಸರಿಸಲು ಲಿಖಿತವಾಗಿ ಒಪ್ಪಬೇಕು. ಮನೆ ಬಾಡಿಗೆಗೆ ಕೊಟ್ಟು ಬೇರೆ ಕಡೆ ಹೋಗುವ ಯೋಚನೆ ಇದ್ದರೂ ಮೊದಲು ಕೇಳಿಕೊಳ್ಳಿ. ನೀವು ಅಲ್ಲಿ ವಾಸ ಇದ್ದೀರಿ ಅಂತಲೇ ತಾನೆ ಅವರು ಕಾಯುತ್ತಿರುವುದು.

ಕೇಸ್ ಇನ್ನೂ ನಡೆಯುತ್ತಿರುವ ಹೆಣ್ಣುಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಎರಡು ಮಾತು. ಸಾಲಿಸಿಟರ್ ಬಿಲ್ಲಿನ ಪ್ರತಿ ಕೇಳಿ ಪಡೆಯಿರಿ. ಕೊನೆಗೆ ಕಟ್ಟುವವರು ನೀವೇ ಆದ್ದರಿಂದ ಆ ಬಿಲ್ ಪರಿಶೀಲನೆಗೆ ಹೋಗುವಾಗ ಆಕ್ಷೇಪ ಹೇಳುವ ಹಕ್ಕು ನಿಮಗಿದೆ. ನನ್ನ ಬಿಲ್ಲಿನಲ್ಲಿ ಅನುವಾದಕರ ಖರ್ಚು ಅಂತ 180 ಪೌಂಡ್ ಇತ್ತು. ನಾನು ಅನುವಾದಕರನ್ನು ಕೇಳಿರಲೇ ಇಲ್ಲ! ಹೆಸರು ನೋಡಿ ಇಂಗ್ಲಿಷ್ ಬರಲ್ಲ ಅಂದುಕೊಂಡರೋ, ಬೇರೆಯವರ ಫೈಲಿನದ್ದು ಸೇರಿತೋ. ಬರೆದು ಕೇಳಿದ ಮೇಲೆ ತೆಗೆದರು. ಇನ್ನೊಂದು, ಫ್ಯಾಮಿಲಿ ಮೀಡಿಯೇಶನ್‌ಗೆ ಲೀಗಲ್ ಏಡ್ ತಗೊಂಡರೆ ಆ ಖರ್ಚು ಈ ಚಾರ್ಜಿಗೆ ಸೇರುವುದಿಲ್ಲ. ಹಿಂಸೆ ಇದ್ದ ಮನೆಯಿಂದ ಬಂದವರಿಗೆ ಗಂಡನ ಜೊತೆ ಮಾತುಕತೆಗೆ ಕೂರಿ ಅಂತ ನಾನು ಹೇಳುವುದಿಲ್ಲ. ನನಗೆ ಆಗಲಿಲ್ಲ. ಆಗುವವರು ನೋಡಿ. ತಿಂಗಳು ತಿಂಗಳು ಬರುವ ಜೀವನಾಂಶವನ್ನೂ ಚಾರ್ಜ್ ಮುಟ್ಟುವುದಿಲ್ಲ, ಹೆದರಬೇಡಿ. ಸ್ಕಾಟ್ಲೆಂಡಿನಲ್ಲಿ ಇರುವವರಿಗೆ ನಿಯಮ ಬೇರೆ, ನನ್ನ ಮಾತು ಅಲ್ಲಿಗೆ ಹೊಂದುವುದಿಲ್ಲ.

ಊರಲ್ಲಿ ಅಮ್ಮ ಸೈಟ್ ಮಾರಿ ದುಡ್ಡು ಕಳಿಸುತ್ತೇನೆ ಅನ್ನುತ್ತಿದ್ದಾರೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಸದ್ಯಕ್ಕೆ ಬೇಡ ಅನ್ನಿ. ನೀವು ಆ ಮನೆಯಲ್ಲಿ ವಾಸ ಇರುವಷ್ಟು ದಿನ ಯಾರೂ ಬಂದು ಹೊರಗೆ ಹಾಕುವುದಿಲ್ಲ. ಅವಸರದಲ್ಲಿ ಸೈಟ್ ಮಾರಿದರೆ ಅರ್ಧ ಬೆಲೆಗೆ ಹೋಗುತ್ತದೆ, ಅಮ್ಮನಿಗೂ ವಯಸ್ಸಾಗಿದೆ. ಮೊದಲು ಏಜೆನ್ಸಿಗೆ ಬರೆದು ಇವತ್ತಿನ ದಿನಕ್ಕೆ ಅಸಲು ಎಷ್ಟು, ಬಡ್ಡಿ ಎಷ್ಟು ಅಂತ ಬೇರೆ ಬೇರೆಯಾಗಿ ಕೇಳಿ. ನಿಮ್ಮ ಹಳೇ ಲೀಗಲ್ ಏಡ್ ಸರ್ಟಿಫಿಕೇಟ್ ನಂಬರ್ ಪತ್ರದಲ್ಲಿ ಹಾಕಿ, ಇಲ್ಲದಿದ್ದರೆ ಉತ್ತರಕ್ಕೆ ತುಂಬಾ ದಿನ ಕಾಯಬೇಕಾಗುತ್ತದೆ. ಉತ್ತರ ಬಂದ ಮೇಲೆ ಆ ಎರಡು ಅಂಕಿ ಮತ್ತು ನಿಮ್ಮ ಮಾರ್ಗೇಜ್ ದರ ಇಲ್ಲಿ ಬರೆಯಿರಿ. ಲೆಕ್ಕ ಹಾಕಿ ಕೊಡುತ್ತೇನೆ. ಅಷ್ಟರವರೆಗೆ ತಿಂಗಳ ಬಡ್ಡಿಯಷ್ಟು ಬ್ಯಾಂಕಿನಿಂದ ತಾನಾಗಿಯೇ ಹೋಗುವಂತೆ ಸ್ಟ್ಯಾಂಡಿಂಗ್ ಆರ್ಡರ್ ಹಾಕಿಬಿಡಿ.