ಶಿಕ್ಷಕರಲ್ಲಿ ಹೊಸತನ ಬೆಳೆಸಲು ಎಂಥ ತರಬೇತಿ ಕೊಡಬೇಕು?

ಹೊಸದಾಗಿ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಆಗಿರುವ ನೀವು, ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಶಿಕ್ಷಕರಿಗೆ ‘ನಾವೀನ್ಯ ಕೌಶಲ’ದ ಬಗ್ಗೆ ಒಂದು ದಿನದ ತರಬೇತಿ ಹೇಗೆ ರೂಪಿಸಲಿ ಎಂದು ಕೇಳಿದ್ದೀರಿ. ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತ, ನಡುವೆ ಸಂಪನ್ಮೂಲ ವ್ಯಕ್ತಿಯಾಗಿಯೂ ದುಡಿದವನು ನಾನು. ಆ ಹೆಸರಿನ ತರಬೇತಿಯನ್ನೇ ಮಾಡಬೇಡಿ ಎನ್ನುತ್ತೇನೆ. ಸ್ಲೈಡ್ ತೋರಿಸಿ, ಚಾರ್ಟ್ ಬರೆಸಿ, ಊಟವಾದ ಮೇಲೆ ಗುಂಪು ಮಂಡನೆ ಮಾಡಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ, ಅಷ್ಟೇ.

ಚಿಕ್ಕ ತರಗತಿಯ ಮಕ್ಕಳು ಕಾರ್ಡುಗಳ ನೆರವಿನಿಂದ ಚಟುವಟಿಕೆ ಮಾಡುತ್ತ ಕಲಿಯುವ ನಲಿ-ಕಲಿ ಪದ್ಧತಿಯನ್ನು ನೆನಪಿಸಿಕೊಳ್ಳಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಅದು ಶುರುವಾದಾಗ, ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ತಾವೇ ಕುಳಿತು ಕಾರ್ಡುಗಳನ್ನು ಸಿದ್ಧಪಡಿಸಿದರು. ಯಾವ ಅಕ್ಷರ ಮೊದಲು, ಯಾವ ಚಟುವಟಿಕೆ ನಂತರ ಎಂದು ಚರ್ಚಿಸಿ ತೀರ್ಮಾನಿಸುವ ಕೆಲಸ ಅವರದೇ ಆಗಿತ್ತು. 2009-10ರಲ್ಲಿ ಅದು ರಾಜ್ಯವ್ಯಾಪಿಯಾದಾಗ ಕಾರ್ಡು, ಕಲಿಕೆಯ ಹಂತಗಳನ್ನು ಕ್ರಮವಾಗಿ ತೋರಿಸುವ ಕಲಿಕಾ ಏಣಿ ಎಲ್ಲವೂ ಅಚ್ಚಾಗಿ ಶಾಲೆಗೆ ಬಂದವು. ಅಷ್ಟು ಶಾಲೆಗಳಿಗೆ ತಲುಪಿಸಲು ಬೇರೆ ದಾರಿ ಇರಲಿಲ್ಲವೇನೋ. ಆದರೆ ಹೆಗ್ಗಡದೇವನಕೋಟೆಯ ಶಿಕ್ಷಕರನ್ನು ಬೆಳೆಸಿದ್ದು ಕಾರ್ಡಲ್ಲ, ಅದನ್ನು ಮಾಡುವಾಗ ಪಟ್ಟ ಪಾಡು. ಆ ಪಾಡನ್ನು ಪೆಟ್ಟಿಗೆಯಲ್ಲಿ ಕಳುಹಿಸಲು ಆಗುವುದಿಲ್ಲ.

ಹಾಗಾಗಿ ಕ್ಲಸ್ಟರಿನ ಶಿಕ್ಷಕರು ಸೇರುವ ನಿಮ್ಮ ಸಮಾಲೋಚನಾ ಸಭೆಗೆ ಒಂದೇ ಒಂದು ಗಟ್ಟಿ ತೊಡಕನ್ನು ತನ್ನಿ. ನನ್ನ ಆಯ್ಕೆ 403ರಿಂದ 178 ಕಳೆಯುವ ಲೆಕ್ಕ. ಮೊದಲೇ ಎಲ್ಲ ಶಾಲೆಗಳ ನಾಲ್ಕು, ಐದನೆಯ ತರಗತಿಯ ಮಕ್ಕಳಿಂದ ಇದನ್ನು ಮಾಡಿಸಿ, ಹಾಳೆಗಳನ್ನು ತರಲು ಹೇಳಿ. ಉತ್ತರ 225. ತಪ್ಪುಗಳನ್ನು ಗುಂಪು ಮಾಡಿ ನೋಡಿದರೆ ಸಭೆಗೆ ಜೀವ ಬರುತ್ತದೆ. 375 ಎಂದು ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ. ಮೇಲಿನದು ಯಾವುದು, ಕೆಳಗಿನದು ಯಾವುದು ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. 325 ಎಂದು ಬರೆದ ಮಗು ಸೊನ್ನೆಯನ್ನು 9 ಮಾಡಿಕೊಂಡಿದೆ, ಬಿಡಿಯ ಮನೆಗೆ ಹತ್ತನ್ನೂ ಕೊಟ್ಟಿದೆ, ಆದರೆ ನೂರರ ಮನೆಯಲ್ಲಿ 4ನ್ನು 3 ಮಾಡುವುದನ್ನು ಬಿಟ್ಟಿದೆ. ಎರಡಕ್ಕೂ ನಾವು ಹಾಕುವುದು ಒಂದೇ ಕೆಂಪು ಗೀಟು, ಕೊಡುವುದು ಒಂದೇ ಮದ್ದು: ಇನ್ನೂ ಹತ್ತು ಲೆಕ್ಕ ಮಾಡು! ಮೊದಲ ಮಗುವಿನ ಕೈಯಲ್ಲಿ ಹತ್ತು ಕಡ್ಡಿಗಳ ಕಟ್ಟು ಬಿಚ್ಚಿಸಿ ಬಿಡಿ ಮಾಡಿಸಬೇಕು. ಎರಡನೆಯದಕ್ಕೆ ಆಟದ ನೋಟು ಕೊಟ್ಟು, ನೂರರ ನೋಟನ್ನು ಚಿಲ್ಲರೆ ಮಾಡಿಸಿದ ಮೇಲೆ ಕೈಯಲ್ಲಿ ಎಷ್ಟು ನೂರು ಉಳಿಯಿತು ಎಂದು ಕೇಳಬಹುದು. ಇದು ನನ್ನ ಊಹೆ. ನಿಮ್ಮ ಶಿಕ್ಷಕರು ಇದಕ್ಕಿಂತ ಒಳ್ಳೆಯದನ್ನು ಹುಡುಕಬಹುದು. ಹುಡುಕಲು ಬಿಡಿ, ನೀವು ಬಾಯಿ ಹಾಕಬೇಡಿ. ಸಂಪನ್ಮೂಲ ವ್ಯಕ್ತಿಗೆ ಅತ್ಯಂತ ಕಷ್ಟದ ಕೆಲಸ ಅದೇ.

ತಮಗೆ ತೋಚಿದ ಉಪಾಯವನ್ನು ಅವರು ಮುಂದಿನ ಸಭೆಯವರೆಗೆ ತಮ್ಮ ತರಗತಿಯಲ್ಲಿ ಮಾಡಿ ನೋಡಲಿ. ಸಾಧ್ಯವಾದರೆ ಪಕ್ಕದ ಶಾಲೆಯ ಒಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು ಮಕ್ಕಳನ್ನು ಗಮನಿಸಲಿ, ಶಿಕ್ಷಕರನ್ನಲ್ಲ. ಜಪಾನಿನಲ್ಲಿ ಶಿಕ್ಷಕರು ಒಟ್ಟಾಗಿ ಪಾಠ ಯೋಜಿಸಿ, ಒಬ್ಬರು ಕಲಿಸುವಾಗ ಉಳಿದವರು ನೋಡಿ, ಬಳಿಕ ತಿದ್ದುವ ಪದ್ಧತಿ ಮೀಜಿ ಕಾಲದಿಂದಲೂ ಬೆಳೆದು ಬಂದಿದೆ. ನಮ್ಮಲ್ಲಿ ತರಗತಿಯೊಳಗೆ ಬೇರೆಯವರು ಬಂದರೆಂದರೆ ತಪಾಸಣೆ ಎಂದೇ ಅರ್ಥ. ಆ ಭಯ ಹೋಗಲು ನಾಲ್ಕಾರು ಸಭೆಯಾದರೂ ಬೇಕು.

ಏಕೋಪಾಧ್ಯಾಯ ಶಾಲೆಯವರಿಗೆ ಈ ಭೇಟಿ ಆಗುವುದಿಲ್ಲ. ಅವರನ್ನು ಒತ್ತಾಯಿಸಬೇಡಿ.

ನಿಮ್ಮ ಕೈಯಲ್ಲಿರುವ ನಿಜವಾದ ಅಧಿಕಾರವೆಂದರೆ ರಕ್ಷಣೆ. ಹೊಸದನ್ನು ಮಾಡಲು ಹೋಗಿ ಒಂದು ಘಟಕ ಹಿಂದೆ ಬಿದ್ದಿತೆಂದು ಭೇಟಿ ಪುಸ್ತಕದಲ್ಲಿ ಯಾರಾದರೂ ಷರಾ ಬರೆದರೆ, ಆ ಶಿಕ್ಷಕಿ ಮತ್ತೆ ಆ ಗೊಡವೆಗೆ ಹೋಗುವುದಿಲ್ಲ. ಪ್ರಯೋಗ ನಡೆಯುತ್ತಿದೆ ಎಂದು ಮುಖ್ಯ ಶಿಕ್ಷಕರಿಗೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಮೊದಲೇ ತಿಳಿಸಿಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಶಿಕ್ಷಕರು ತಮ್ಮ ಆಸಕ್ತಿಗೆ ತಕ್ಕಂತೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು ಎನ್ನುತ್ತದೆ. ಈ ಕೆಲಸವನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದೇ ಎಂದು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಕೇಳಿ ನೋಡಿ. ಮೇಲಿನವರು ವರದಿ ಕೇಳಿದರೆ, ಮಗುವಿನ ಹೆಸರು ಮುಚ್ಚಿ, ಅದೇ ಲೆಕ್ಕದ ಹಿಂದಿನ ಹಾಳೆ ಮತ್ತು ಈಗಿನ ಹಾಳೆ ಎರಡನ್ನೂ ಲಗತ್ತಿಸಿ ಕಳುಹಿಸಿ.