ಬಿಳಿ ಜಾಸ್ತಿ ಹಾಕಿದರೂ ಚಿತ್ರದಲ್ಲಿ ಬಿಸಿಲು ಬರುವುದಿಲ್ಲ, ಯಾಕೆ?

ತೋಟ ಬರೆದರೂ ಅಷ್ಟೇ, ಮೇಜಿನ ಮೇಲೆ ಹಣ್ಣು, ಬಾಟಲಿ ಇಟ್ಟು ಸ್ಟಿಲ್ ಲೈಫ್ ಬರೆದರೂ ಅಷ್ಟೇ, ಬೆಳಕಿಗೆ ಅಂತ ಬಿಳಿ ಬೆರೆಸಿದಷ್ಟೂ ಚಿತ್ರ ಸುಣ್ಣ ಬಳಿದ ಹಾಗೆ ಆಗುತ್ತದೆ ಅಂದಿದ್ದೀರಿ. ನಾನೂ ತುಂಬಾ ವರ್ಷ ಹೀಗೇ ಸುಣ್ಣ ಬಳಿದವನು.

ಬಿಸಿಲು ಬಿದ್ದ ತೋಟದಲ್ಲಿ ಹೊಳೆಯುವ ಎಲೆಗೂ ಪೊದೆಯೊಳಗಿನ ಕತ್ತಲಿಗೂ ಸಾವಿರ ಪಟ್ಟು ವ್ಯತ್ಯಾಸ ಇರಬಹುದು. ನಮ್ಮ ಬಣ್ಣದ ಟ್ಯೂಬಿನ ಬಿಳಿಗೂ ಕಪ್ಪಿಗೂ ನೂರು ಪಟ್ಟು ಸಿಕ್ಕರೆ ಅದೇ ಹೆಚ್ಚು. ಅಂದರೆ ಕಂಡಷ್ಟು ಬೆಳಕನ್ನು ಕಂಡ ಹಾಗೆ ಕ್ಯಾನ್ವಾಸಿಗೆ ಇಳಿಸಲು ಸಾಧ್ಯವೇ ಇಲ್ಲ. ಪಕ್ಕದ್ದನ್ನು ಕತ್ತಲು ಮಾಡಬೇಕು, ಆಗ ಇದು ಬೆಳಗುತ್ತದೆ. ಅದಕ್ಕೇ ನಾನು ಮೊದಲು ನೆರಳು ಬರೆಯುತ್ತೇನೆ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಸಣ್ಣಪುಟ್ಟ ವಿವರಗಳೆಲ್ಲ ಮಾಯವಾಗಿ ಬೆಳಕಿನ ಭಾಗ, ನೆರಳಿನ ಭಾಗ ಎರಡೇ ಉಳಿಯುತ್ತವೆ.

ಒಂದು ನಿಂಬೆಹಣ್ಣನ್ನು ಬಿಳಿ ಬಟ್ಟೆಯ ಮೇಲೆ, ಕಿಟಕಿ ಪಕ್ಕ ಇಡಿ. ಕೋಣೆಯ ಲೈಟ್ ಆರಿಸಿಬಿಡಿ, ಇಲ್ಲದಿದ್ದರೆ ಎರಡೆರಡು ನೆರಳು ಬಂದು ತಲೆ ಕೆಡುತ್ತದೆ. ಈಗ ಸುಮ್ನೆ ಐದು ನಿಮಿಷ ನೋಡಿ. ಮೇಲಿನ ಹೊಳಪಿನ ಚುಕ್ಕೆ ಹಳದಿ ಅಲ್ಲ, ಅದು ಕಿಟಕಿಯ ಬಣ್ಣ. ಆಕಾಶದ ಬೆಳಕಾದರೆ ತುಸು ನೀಲಿ. ನೆರಳಿನ ಬದಿ ಕಂದು ಅಲ್ಲ, ಮಂಕು ಹಸಿರಿನ ಕಡೆಗೆ ಹೋಗುತ್ತದೆ (ಹಳದಿಗೆ ಒಂಚೂರು ಕಪ್ಪು ಬೆರೆಸಿ ನೋಡಿ, ಹಸಿರೇ ಬರುತ್ತದೆ). ಬಟ್ಟೆಯಿಂದ ಪುಟಿದ ಬೆಳಕಿಗೆ ಹಣ್ಣಿನ ತಳ ಮತ್ತೆ ಸ್ವಲ್ಪ ತಿಳಿಯಾಗುತ್ತದೆ. ಎಲ್ಲರೂ ಕೆಡಿಸುವುದು ಇಲ್ಲೇ. ತಿಳಿಯಾಗಿದೆ ಅಂತ ಕಂಡ ಕೂಡಲೇ ಅಲ್ಲಿ ಬಿಳಿ ತುರುಕುತ್ತಾರೆ, ಆದರೆ ಆ ತಳ ಹಣ್ಣಿನ ಬೆಳಕಿನ ಬದಿಗಿಂತ ಇನ್ನೂ ಕತ್ತಲೇ. ಬಟ್ಟೆಯ ಮೇಲೆ ಬಿದ್ದ ನೆರಳಿನ ಅಂಚನ್ನೂ ನೋಡಿ, ಹಣ್ಣಿನ ಹತ್ತಿರ ಚೂಪಾಗಿ, ದೂರ ಹೋದಂತೆ ಮಸುಕಾಗಿ ಇರುತ್ತದೆ. ಅದನ್ನು ಸುತ್ತಲೂ ಒಂದೇ ಥರ ಕತ್ತರಿಸಿದ ಹಾಗೆ ಬರೆದರೆ ಹಣ್ಣು ಬಟ್ಟೆ ಮೇಲೆ ಕೂರುವುದೇ ಇಲ್ಲ.

ತೋಟದಲ್ಲಿ ತಲೆನೋವು ಹಸಿರು. ಟ್ಯೂಬಿನ ಹಸಿರನ್ನು ನೇರವಾಗಿ ಹಾಕಿದರೆ ಪ್ಲಾಸ್ಟಿಕ್ ಗಿಡ, ಅಷ್ಟೇ. ಬಿಸಿಲು ಎಲೆಯನ್ನು ತೂರಿ ಬಂದರೆ ಹಳದಿ ಹಸಿರು, ಅದೇ ಎಲೆ ಮೇಲ್ಮೈಯಲ್ಲಿ ಆಕಾಶವನ್ನು ತೋರಿಸಿದರೆ ನೀಲಿ ಬೆರೆತ ಬೂದು. ಈ ಎರಡನ್ನು ಬೇರೆ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಇನ್ನು ಮರದ ಕೆಳಗಿನ ಬಿಸಿಲ ಮಚ್ಚೆಗಳು: ನಾನು ಅವನ್ನು ಎಲೆಗಳ ಸಂದಿಯ ಆಕಾರದಲ್ಲಿ, ಚೂಪು ಚೂಪಾಗಿ ಬರೆಯುತ್ತಿದ್ದೆ. ಅವು ನಿಜಕ್ಕೂ ದುಂಡಗೆ ಇರುತ್ತವೆ, ಓರೆ ಬಿಸಿಲಾದರೆ ಮೊಟ್ಟೆಯಂತೆ. ಸಣ್ಣ ಸಣ್ಣ ಸಂದಿಗಳು ಸೂಜಿರಂಧ್ರದ ಕ್ಯಾಮೆರಾ ಥರ ಕೆಲಸ ಮಾಡುತ್ತವೆ, ನೆಲದ ಮೇಲೆ ಬೀಳುವುದು ಸೂರ್ಯನದೇ ಚಿತ್ರ. ಪಾರ್ಶ್ವ ಸೂರ್ಯಗ್ರಹಣದ ದಿನ ಅದೇ ಮಚ್ಚೆಗಳು ಬಿದಿಗೆ ಚಂದ್ರನಂತೆ ಆಗುವುದನ್ನು ನೀವೂ ನೋಡಿರಬಹುದು, ಅಲ್ವಾ?

ಆಮೇಲೆ ಸಮಯ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಹಾಗಾಗಿ ಹೊರಗೆ ಕೂತರೆ ಒಂದೂವರೆ ಗಂಟೆಗಿಂತ ಜಾಸ್ತಿ ನಾನು ಎಳೆಯುವುದಿಲ್ಲ. ಕೂತ ತಕ್ಷಣ ನೆರಳುಗಳ ಗಡಿ ಗುರುತು ಹಾಕಿಬಿಡುತ್ತೇನೆ, ಆಮೇಲೆ ನೆರಳು ಎಷ್ಟೇ ಚಂದವಾಗಿ ಸರಿದರೂ ಗುರುತು ಬದಲಿಸುವುದಿಲ್ಲ. 1890ರ ಸುಮಾರಿಗೆ ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ ಹುಲ್ಲಿನ ಬಣವೆಗಳನ್ನು ಬರೆಯುವಾಗ ಹಲವು ಕ್ಯಾನ್ವಾಸ್ ಇಟ್ಟುಕೊಂಡು, ಬೆಳಕು ಬದಲಾದಂತೆ ಕ್ಯಾನ್ವಾಸನ್ನೇ ಬದಲಿಸುತ್ತಿದ್ದ. ಸ್ಟಿಲ್ ಲೈಫಿನಲ್ಲಿ ಈ ಅವಸರ ಇಲ್ಲ ಅಂದುಕೊಳ್ಳಬೇಡಿ. ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಸೆಜಾನ್ ಎಷ್ಟು ನಿಧಾನ ಅಂದರೆ ಚಿತ್ರ ಮುಗಿಯುವ ಮೊದಲೇ ಹಣ್ಣು ಕೊಳೆಯುತ್ತಿತ್ತು. ನಾನು ಹೂವು ಮೊದಲು, ಹಣ್ಣು ಆಮೇಲೆ, ಬಾಟಲಿ ಕೊನೆಗೆ ಬರೆಯುತ್ತೇನೆ, ಬಾಟಲಿ ಎಲ್ಲಿಗೂ ಹೋಗುವುದಿಲ್ಲವಲ್ಲ.

ಫೋಟೋ ನೋಡಿ ಬರೆಯಬಹುದಾ ಅಂತಲೂ ಕೇಳಿದ್ದೀರಿ. ಆಕಾರಕ್ಕೆ ನೋಡಿ, ಬಣ್ಣಕ್ಕೆ ಬೇಡ. ಬಿಸಿಲಿಗೆ ಸರಿಹೊಂದಿಸಿ ತೆಗೆದ ಫೋಟೋದಲ್ಲಿ ನೆರಳು ಕಪ್ಪು ಗುಂಡಿಯಾಗಿರುತ್ತದೆ, ಅಲ್ಲೇ ಕೂತು ನೋಡಿದರೆ ಅದೇ ನೆರಳಿನಲ್ಲಿ ನೇರಳೆ, ನೀಲಿ, ಹಸಿರು ಎಲ್ಲ ಕಾಣುತ್ತದೆ.