ಹಳೆಯ ಫ್ಯಾಮಿಲಿ ಫೋಟೋಗಳಿಗೆ ಎಂಥ ಆಲ್ಬಮ್ ಕೊಳ್ಳಬೇಕು?

ಅಜ್ಜ-ಅಜ್ಜಿ ಕಾಲದ ಕಪ್ಪು-ಬಿಳುಪು ಫೋಟೋ ಹಾಳಾಗದಂತೆ ಇಡಲು ಆಲ್ಬಮ್ ಕೇಳಿದ್ದೀರಿ, ಅಲ್ವಾ? ಅಂಟು ಹಾಳೆಯ ಮೇಲೆ ಫೋಟೋ ಇಟ್ಟು ಪ್ಲಾಸ್ಟಿಕ್ ಎಳೆದು ಮುಚ್ಚುವ ಆಲ್ಬಮ್ ಮಾತ್ರ ಬೇಡವೇ ಬೇಡ. ನಮ್ಮಮ್ಮನ ಮದುವೆ ಫೋಟೋಗಳು ಅಂಥದ್ದರಲ್ಲೇ ಇದ್ದವು. ವರ್ಷಗಳ ಮೇಲೆ ತೆಗೆಯಲು ಹೋದರೆ ಹಿಂಬದಿಯ ಕಾಗದ ಕಿತ್ತು ಅಂಟಿನಲ್ಲೇ ಉಳಿಯಿತು. ಧಾರೆ ಎರೆಯುವ ಫೋಟೋದ ಒಂದು ಮೂಲೆ ಹರಿದೇ ಹೋಯಿತು. ಈಗಲೂ ನೆನೆದರೆ ಸಂಕಟವಾಗುತ್ತದೆ.

ಆಸಿಡ್ ಇಲ್ಲದ ದಪ್ಪ ಕಾಗದದ ಆಲ್ಬಮ್ ತಗೊಳ್ಳಿ. ಗೋಂದು ಹಚ್ಚದೆ ನಾಲ್ಕು ಮೂಲೆಗೂ ಕಾಗದದ ಫೋಟೋ ಕಾರ್ನರ್ (ಫೋಟೋದ ಮೂಲೆ ತೂರಿಸುವ ಪುಟ್ಟ ಜೇಬು) ಸಿಕ್ಕಿಸಿ. ಬೇಕೆಂದಾಗ ಹೊರತೆಗೆದು ಸ್ಕ್ಯಾನ್ ಮಾಡಬಹುದು. ಪ್ಲಾಸ್ಟಿಕ್ ಜೇಬಿನ ಆಲ್ಬಮ್ಮೇ ಬೇಕಿದ್ದರೆ ಪಾಲಿಪ್ರೊಪಿಲೀನ್ (ಫೋಟೋಗೆ ಹಾನಿ ಮಾಡದ ಪ್ಲಾಸ್ಟಿಕ್) ಅಂತ ಬರೆದಿದೆಯಾ ನೋಡಿ. ಫೋಟೋ ಕೆಡಿಸುವ ಪಿವಿಸಿ ಪ್ಲಾಸ್ಟಿಕ್ ಆದರೆ ಬಿಡಿ. ಹಾಳೆ ಸೇರಿಸಲು ಬರುವ ರಿಂಗ್ ಆಲ್ಬಮ್ ಇನ್ನೂ ಅನುಕೂಲ, ಯಾರದೋ ಪೆಟ್ಟಿಗೆಯಲ್ಲಿ ಹೊಸ ಫೋಟೋ ಸಿಗುತ್ತಲೇ ಇರುತ್ತದೆ.

ವರ್ಷ ಗೊತ್ತಿಲ್ಲದಿದ್ದರೆ ಅಮ್ಮನ ಕಡೆ, ಅಪ್ಪನ ಕಡೆ ಎಂದು ಜೋಡಿಸಿ. ಹೆಸರು, ಊರು, ಸಂಬಂಧವನ್ನು ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆಯಿರಿ. ಮನೆಯ ಹಿರಿಯರನ್ನು ಈ ವಾರವೇ ಕೂರಿಸಿಕೊಂಡು ಕೇಳಿ.

ಮಲೆನಾಡು, ಕರಾವಳಿ ಕಡೆಯವರಾದರೆ ಮಳೆಗಾಲದಲ್ಲಿ ಬೂಷ್ಟು ಜಾಸ್ತಿ. ಅಟ್ಟ, ತೇವದ ಗೋಡೆ ಪಕ್ಕದ ಬೀರು ಎರಡೂ ಬೇಡ.